ಗುಳಿಗೆಯ ಪಾಳಿ

ನಮ್ಮಪ್ಪ ಬಸವಂತ್ರಾಯ ಮೂವತ್ತೊಂದು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸಿದವನು. ನಾರಾಯಣಪುರ ಡ್ಯಾಮಿನಿಂದ ಬಿಟ್ಟ ನೀರು ಶಹಾಪುರದ ಕಡೆ ಹರಿದು ಬಂದು, ನಮ್ಮೂರ ಹೊರಗೆ ಮೂರು ಕವಲಾಗುತ್ತದೆ. ಆ ಮೂರು ಕವಲುಗಳ ಮೂರು ಗೇಟೂ ಅವನ ಸುಪರ್ದಿಯಲ್ಲಿದ್ದವು. ಭತ್ತದ ಸಸಿ ಹಚ್ಚುವ ಕಾಲಕ್ಕೆ ಊರ ದೊಡ್ಡವರೆಲ್ಲ ಅವನನ್ನು ಕರೆದು ಚಹಾ ಕುಡಿಸುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಅವನನ್ನು ನಾಯಿಯೂ ಮೂಸುತ್ತಿರಲಿಲ್ಲ.

ಅವನ ನೌಕರಿಯಲ್ಲಿ ಅವನು ಕಲಿತದ್ದು ಒಂದೇ ಕಾನೂನು. ಮೂರೂ ಗೇಟು ಒಮ್ಮೆಗೇ ಎತ್ತಬಾರದು. ಹತ್ತು ದಿನ ಒಂದು ಕವಲಿಗೆ ನೀರು, ಮುಂದಿನ ಹತ್ತು ದಿನ ಇನ್ನೊಂದಕ್ಕೆ, ಆಮೇಲೆ ಮೂರನೆಯದಕ್ಕೆ. ಇದಕ್ಕೆ ಪಾಳಿ ಎನ್ನುತ್ತಾರೆ. ಅವನಿಗಿಂತ ಮೊದಲಿದ್ದ ಗೇಟ್‌ಮನ್ ಯಾರದೋ ಜುಲುಮೆಗೆ ಮೂರನ್ನೂ ಎತ್ತಿದ್ದರಿಂದ ಏರಿ ಒಡೆದು, ಕೇರಿಯ ಹನ್ನೆರಡು ಮನೆಗಳಿಗೆ ನೀರು ನುಗ್ಗಿತ್ತು. ಆ ಮನೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಅಪ್ಪನಿಗೆ ಪಾಳಿ ಎಂದರೆ ದೇವರ ಮೇಲಿನ ಭಕ್ತಿಗಿಂತ ಒಂದು ತೂಕ ಹೆಚ್ಚು.

ನಾನು ಸುಗಲಮ್ಮ, ಅವನ ಒಬ್ಬಳೇ ಮಗಳು. ಸುರಪುರ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸು. ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ನೋಡುವ ಕೆಲಸ ನನ್ನದು. ಹತ್ತು ಹಳ್ಳಿಯ ಜನರ ತೋಳಿಗೆ ಪಟ್ಟಿ ಕಟ್ಟಿ, ಒತ್ತಡ ನೋಡಿ, ತಿಂಗಳ ಗುಳಿಗೆ ಎಣಿಸಿ ಕೊಟ್ಟು, ತಪ್ಪದೆ ನುಂಗಿರಿ ಎಂದು ಹೇಳುತ್ತೇನೆ. ಹೇಳಿದ್ದನ್ನೇ ಹೇಳಿ ಹೇಳಿ ಹನ್ನೊಂದು ವರ್ಷ ಆಯಿತು. ಈ ಜನಕ್ಕೆ ಜ್ವರದ ಗುಳಿಗೆ ಗೊತ್ತು, ಹೊಟ್ಟೆನೋವಿನ ಗುಳಿಗೆ ಗೊತ್ತು. ನೋವೇ ಇಲ್ಲದ ರೋಗಕ್ಕೆ ಸಾಯುವ ತನಕ ಗುಳಿಗೆ ನುಂಗು ಎಂದರೆ, ಈ ಸಿಸ್ಟರಿಗೆ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಾರೆ.

ನಮ್ಮವ್ವ ಹಣಮಂತಮ್ಮನಿಗೆ ಬಿ.ಪಿ. ಇರುವುದು ಗೊತ್ತಾದದ್ದು ನನ್ನ ಕೈಯಲ್ಲೇ. ನೂರಾ ತೊಂಬತ್ತು, ನೂರಾ ಹತ್ತು. ಅವಳ ಅಕ್ಕ ಅಯ್ಯಮ್ಮ ಇದೇ ಒತ್ತಡದಿಂದ ಲಕ್ವಾ ಹೊಡೆದು ನಾಲ್ಕು ವರ್ಷ ಹೊರಸಿನ ಮೇಲೆ ಮಲಗಿ ಹೋದವಳು. ಆ ನಾಲ್ಕು ವರ್ಷ ಅವಳ ಬಾಯಿಗೆ ಗಂಜಿ ಹಾಕಿದವಳು, ಅವಳ ಬಟ್ಟೆ ಒಗೆದವಳು ನಮ್ಮವ್ವ. ಅವ್ವನಿಗೆ ಸಾವಿನ ಭಯ ಇರಲಿಲ್ಲ, ಆ ಹೊರಸಿನ ಭಯ ಇತ್ತು. 'ಹಂಗ ಮಲಗೋದು ಬ್ಯಾಡ ಸುಗಲವ್ವ, ಒಮ್ಮಿಗೆ ಹೋಗಿಬಿಡಬೇಕು' ಎನ್ನುತ್ತಿದ್ದಳು. ನಾನು ಬದುಕಿರುವ ತನಕ ನಿನ್ನನ್ನು ಹಾಗೆ ಮಲಗಲು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ನಾನು ನರ್ಸಾಗಿ ಇಷ್ಟೂ ಮಾಡದಿದ್ದರೆ ಬಿಳಿ ಕೋಟು ಯಾಕೆ ಹಾಕಿಕೊಳ್ಳಬೇಕು.

ಮೊದಲು ಒಂದು ಗುಳಿಗೆ ಶುರುವಾಯಿತು. ನೂರಾ ತೊಂಬತ್ತು ಇದ್ದದ್ದು ನೂರಾ ಎಪ್ಪತ್ತಕ್ಕೆ ಬಂದು ನಿಂತಿತು. ಅದನ್ನೇ ಹೆಚ್ಚಿಸಿದಾಗ ಅವ್ವನ ಕಾಲು ಬಾತು ಚಪ್ಪಲಿ ಹಿಡಿಸದಾಯಿತು. ಶಹಾಪುರದಲ್ಲಿ ಡಾಕ್ಟರ್ ಅಖ್ತರಬೇಗಂ ಅವರಿಗೆ ತೋರಿಸಿದೆ. ಅವರು ಮೂರು ಬಗೆಯ ಗುಳಿಗೆ ಬರೆದರು, ಮೂರೂ ಸಣ್ಣ ಡೋಸು. ಒಂದು ರಕ್ತನಾಳ ಸಡಿಲ ಮಾಡುವುದು, ಇನ್ನೊಂದು ಅದು ಮತ್ತೆ ಬಿಗಿಯದಂತೆ ತಡೆಯುವುದು, ಮೂರನೆಯದು ಮೈಯೊಳಗಿನ ಹೆಚ್ಚಿನ ಉಪ್ಪು ನೀರನ್ನು ಹೊರಗೆ ಹಾಕುವುದು.

'ಒಂದೇ ಎತ್ತಿನ ಮ್ಯಾಲ ಪೂರಾ ಹೊರಿ ಹಾಕಿದ್ರ ಅದು ಮಕಾಡೆ ಬೀಳ್ತದ. ಮೂರು ಎತ್ತು ಹೂಡಿದ್ರ ಯಾವುದಕ್ಕೂ ತ್ರಾಸಿಲ್ಲ, ಬಂಡಿ ಸಲೀಸ ಹೋಗ್ತದ. ಆದ್ರ ಮೂರೂ ಕೂಡೇ ಎಳಿಬೇಕು, ದಿನಾಲೂ ಎಳಿಬೇಕು,' ಎಂದು ಡಾಕ್ಟರು ಹೇಳಿದರು.

ಅಪ್ಪ ಕೈಕಟ್ಟಿ ನಿಂತು ಕೇಳಿಸಿಕೊಂಡ. 'ಮೂರೂ ಒಮ್ಮಿಗೇ ಏನ್ರಿ ಡಾಕ್ಟ್ರೆ? ಒಂದಾದ ಮ್ಯಾಲ ಒಂದು ಕೊಟ್ರ ನಡೆಂಗಿಲ್ಲೇನ್ರಿ?'

ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. 'ಅಪ್ಪ, ಇದು ಅವ್ವನ ಮೈ, ನಿನ್ನ ಕಾಲುವಿ ಅಲ್ಲ. ಹೇಳಿದಷ್ಟು ಮಾಡು.'

ಅಲ್ಲಿ ಕೂತಿದ್ದ ನಾಲ್ಕು ಜನ ನಕ್ಕರು. ಅಪ್ಪನೂ ನಕ್ಕ. ಆಮೇಲೆ ಅವನು ಏನೂ ಕೇಳಲಿಲ್ಲ.

ಮನೆಗೆ ಒಂದು ಬಿ.ಪಿ. ಯಂತ್ರ ತಂದುಕೊಟ್ಟೆ. ಅದನ್ನು ನೋಡುವ ಕೆಲಸ ಅಪ್ಪ ತಾನೇ ವಹಿಸಿಕೊಂಡ. ನೌಕರಿಯಲ್ಲಿದ್ದಾಗ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟ, ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ರಿಟೈರಾದ ಮೇಲೆ ಮೂರು ವರ್ಷ ಏನು ಮಾಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕೂತಿದ್ದವನಿಗೆ ಈಗ ಮತ್ತೆ ಗೇಜ್ ಸಿಕ್ಕಿತು. ಹಳೆಯ ಖಾಲಿ ಗೇಜ್ ಪುಸ್ತಕವೊಂದು ಟ್ರಂಕಿನಿಂದ ಹೊರಗೆ ಬಂತು. ಬೆಳಿಗ್ಗೆ ಆರಕ್ಕೆ ಅವ್ವನ ತೋಳು, ಸಂಜೆ ಆರಕ್ಕೆ ಅವ್ವನ ತೋಳು. ನನಗೆ ಸಂತೋಷವೇ ಆಯಿತು. ನಮ್ಮ ಕೇಂದ್ರದಲ್ಲಿ ನಾವು ಸಹ ಇಷ್ಟು ನೀಟಾಗಿ ಬರೆಯುವುದಿಲ್ಲ.

ಪ್ರತಿ ತಿಂಗಳ ಎರಡನೆಯ ಭಾನುವಾರ ನಾನು ಊರಿಗೆ ಹೋಗುತ್ತಿದ್ದೆ. ಚಪ್ಪಲಿ ಬಿಡುತ್ತಲೇ ಅವ್ವನನ್ನು ಕೂಡಿಸಿ ನನ್ನ ಕೈಯಾರೆ ಒತ್ತಡ ನೋಡುತ್ತಿದ್ದೆ. ನೂರಾ ಮೂವತ್ತು, ಎಂಬತ್ತು. ಮುಂದಿನ ತಿಂಗಳು ನೂರಾ ಇಪ್ಪತ್ತೆಂಟು. ಅದರ ಮುಂದಿನ ತಿಂಗಳು ನೂರಾ ಮೂವತ್ತೆರಡು. 'ಬರೋಬರಿ ಅದ ಏನು?' ಎಂದು ಅವ್ವ ನನ್ನ ಮುಖ ನೋಡುತ್ತಿದ್ದಳು. 'ಬೇಷ್ ಅದ' ಎಂದರೆ ಎದ್ದು ಹೋಗಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಪುಸ್ತಕ ತೆರೆದು ನೋಡಬೇಕೆಂದು ನನಗೆ ಒಂದು ಸಲವೂ ಅನಿಸಲಿಲ್ಲ. ಕಣ್ಣೆದುರಿಗೇ ಯಂತ್ರ ನೂರಾ ಮೂವತ್ತರಲ್ಲಿ ನಿಂತಿರುವಾಗ ಪುಸ್ತಕ ಯಾಕೆ ನೋಡಬೇಕು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆ ಸುಳ್ಳಾಯಿತೆಂದು ನಾನು ಬೀಗಿದೆ. ಆಸ್ಪತ್ರೆಯಲ್ಲಿ ಅವ್ವನ ಹೆಸರು ಹೇಳಿ ಜನರನ್ನು ಬೈಯಲು ಶುರು ಮಾಡಿದೆ. ಅಮಾತೆಪ್ಪ ಎಂಬ ಮುದುಕ ಇದ್ದ, ಎರಡು ಗುಳಿಗೆಯಲ್ಲಿ ಒಂದನ್ನು ನುಂಗಿ ಒಂದನ್ನು ಗೋಡೆಯ ತಾಕಿನಲ್ಲಿಡುತ್ತಿದ್ದ. ಸಾಲಿನಲ್ಲಿದ್ದ ನಲವತ್ತು ಜನರ ಎದುರು ಅವನಿಗೆ ಹೇಳಿದೆ: 'ನಮ್ಮವ್ವ ಸಾಲಿ ಮೆಟ್ಲ ಹತ್ತಿಲ್ಲ. ದಿನಾ ಮೂರು ಗುಳಿಗಿ ನುಂಗ್ತಾಳ, ಒಂದು ದಿನ ತಪ್ಪಿಲ್ಲ. ನಿಮಗ ಎರಡು ನುಂಗಾಕ ಏನ್ ಧಾಡಿ ಬಂದದ? ನಾಳಿ ಲಕ್ವಾ ಹೊಡದ್ರ ನನ್ನ ಹೆಸರ ಹೇಳಬ್ಯಾಡ.' ಅವನು ತಲೆ ತಗ್ಗಿಸಿ 'ಹೌದ್ರಿ ಸಿಸ್ಟರ್' ಎಂದ. ಮುಂದಿನ ತಿಂಗಳು ಅವನ ಒತ್ತಡವೂ ಸರಿ ಬಂತು. ಬೈದರೆ ಕೆಲಸ ಆಗುತ್ತದೆ ಎಂದುಕೊಂಡೆ.

ಆರೇಳು ತಿಂಗಳಾದ ಮೇಲೆ ಒಮ್ಮೆ ಅಪ್ಪ ಊಟಕ್ಕೆ ಕೂತಾಗ ನಿಧಾನಕ್ಕೆ ಮಾತು ತೆಗೆದ. 'ಸುಗಲವ್ವ, ಗೇಜ್ ಇಳದ ಮ್ಯಾಲ ಒಂದು ಗುಳಿಗಿ ಬಂದ್ ಮಾಡಿದ್ರ ಹೆಂಗ?'

'ಹೆಂಗೂ ಇಲ್ಲ ಅಪ್ಪ. ಗುಳಿಗಿ ಅದ ಅಂತ ಇಳದದ. ತಿಳಿಲಿಲ್ಲಂದ್ರ ಸುಮ್ಕಿರು.'

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಕಣ್ಣಲ್ಲೇ ಏನೋ ಹೇಳಿದಳು. ಅಪ್ಪ ರೊಟ್ಟಿ ಮುರಿಯತೊಡಗಿದ. ನಾನು ಸಂಜೆಯ ಬಸ್ಸಿಗೆ ಸುರಪುರಕ್ಕೆ ವಾಪಸ್ಸಾದೆ.

ನವೆಂಬರಿನ ಕೊನೆಯ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಕ್ಕದ ಮನೆಯ ಮಕ್ತುಂಬಿ ಫೋನು ಮಾಡಿದಳು. ಅವಳ ಮನೆಯ ಬಾಗಿಲಲ್ಲಿ ಕೂತು ಅವ್ವ ಅಕ್ಕಿ ಹಸನು ಮಾಡುತ್ತಿದ್ದಳಂತೆ. ಮಾತಾಡುತ್ತಾ ಇದ್ದವಳ ಮಾತು ತೊದಲಿತಂತೆ. ಮೊರ ಕೈಜಾರಿತಂತೆ. ಮಕ್ತುಂಬಿ ಅವ್ವನ ಮುಖ ನೋಡಿದರೆ ಬಾಯಿ ಒಂದು ಕಡೆಗೆ ಎಳೆದಿತ್ತಂತೆ. 'ನಿಮ್ಮವ್ವನ ಬಲಗೈ ಏಳವಲ್ದು ಸುಗಲಾ, ಆಟೊದಾಗ ಹಾಕೊಂಡ ಹೊಂಟೀವಿ' ಎಂದು ಅವಳು ಅಳುತ್ತಿದ್ದಳು.

ಶಹಾಪುರದಿಂದ ಯಾದಗಿರಿಗೆ ಕಳಿಸಿದರು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ತಲೆಯ ಸ್ಕ್ಯಾನ್ ಆಗಿತ್ತು, ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಒತ್ತಡ ಇನ್ನೂರಾ ಹತ್ತು ಇತ್ತು. ವಯಸ್ಸಾದ ಡಾಕ್ಟರು ಕೇಸು ಬರೆಯುತ್ತಾ ಕೇಳಿದರು: 'ಗುಳಿಗಿ ಬಿಟ್ಟಿದ್ರೇನು?'

'ಇಲ್ಲ ಸರ್,' ಎಂದೆ. ಆ ಹೊತ್ತಿನಲ್ಲೂ ನನ್ನ ದನಿಯಲ್ಲಿ ಜಂಬ ಇತ್ತು. 'ನಾನೂ ನರ್ಸ್ ಇದ್ದೀನಿ. ಮೂರು ಗುಳಿಗಿ, ಒಂದು ದಿನ ಸೈತ ತಪ್ಪಿಲ್ಲ. ಮನ್ಯಾಗ ರೆಕಾರ್ಡ್ ಅದ.'

'ಹಂಗಿದ್ರ ಇಷ್ಟು ಏರಬಾರದು,' ಎಂದು ಅವರು ಪೆನ್ನು ನಿಲ್ಲಿಸಿದರು. 'ರೆಕಾರ್ಡ್ ಎಲ್ಲದ?'

ರೆಕಾರ್ಡ್ ಅಪ್ಪನ ಕಂಕುಳಲ್ಲೇ ಇತ್ತು. ಆಸ್ಪತ್ರೆಗೆ ಬರುವಾಗ ಹೆಂಡತಿಯ ಬಟ್ಟೆ ತರಲಿಲ್ಲ, ಗೇಜ್ ಪುಸ್ತಕ ತಂದಿದ್ದ. ನಾನು ಕೈ ಚಾಚಿದರೆ ಕೊಡಲಿಲ್ಲ. ಎರಡನೆಯ ಸಲ ಕೇಳಿದಾಗ ಕೊಟ್ಟ.

ಪುಸ್ತಕದಲ್ಲಿ ಎಲ್ಲವೂ ಇತ್ತು. ಅಪ್ಪ ಸುಳ್ಳು ಬರೆಯುವವನಲ್ಲ. ತಾರೀಖು, ಬೆಳಗಿನ ಗೇಜ್, ಸಂಜೆಯ ಗೇಜ್. ಅದರ ಪಕ್ಕಕ್ಕೆ ಒಂದು, ಎರಡು, ಮೂರು ಎಂದು ಮೂರು ಕಾಲಮ್ಮು. ಹತ್ತು ದಿನ ಒಂದನೆಯದು ಚಾಲೂ, ಉಳಿದೆರಡು ಬಂದ್. ಮುಂದೆ ಹತ್ತು ದಿನ ಎರಡನೆಯದು ಚಾಲೂ. ಆಮೇಲೆ ಮೂರನೆಯದು. ನೂರಾ ಅರವತ್ತೆಂಟು, ನೂರಾ ಎಪ್ಪತ್ತಾರು, ನೂರಾ ಎಂಬತ್ತೆರಡು. ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಕೂಡಿಸಿ ಭಾಗಿಸಿದ ಸರಾಸರಿ. ನೂರಾ ಐವತ್ತಾರು. ಈ ಸರಾಸರಿಯ ಹುಚ್ಚು ಅವನಿಗೆ ಹಿಡಿದದ್ದು ಇಲಾಖೆಯಿಂದ. ಹೊಲ ಒಂದು ವಾರ ಮುಳುಗಿ ಮೂರು ವಾರ ಒಣಗಿದರೂ ಸರಾಸರಿ ನೀರು ಸರಿಯಾಗಿಯೇ ಇರುತ್ತದೆ.

ಆದರೆ ನನ್ನನ್ನು ನಿಜವಾಗಿ ಹೊಡೆದು ಹಾಕಿದ್ದು ಬೇರೆಯೇ ಒಂದು ಸಂಗತಿ. ಪ್ರತಿ ತಿಂಗಳೂ ಒಂದು ಕಡೆ ಪಾಳಿ ತಪ್ಪಿತ್ತು. ಐದು ದಿನ ಮೂರೂ ಕಾಲಮ್ಮಿನಲ್ಲಿ ಚಾಲೂ, ಚಾಲೂ, ಚಾಲೂ. ಆ ಐದು ದಿನದಲ್ಲಿ ಒತ್ತಡ ಮೆಟ್ಟಿಲಿಳಿದು ನೂರಾ ಮೂವತ್ತಕ್ಕೆ ಬರುತ್ತಿತ್ತು. ಐದನೆಯ ದಿನ ಎರಡನೆಯ ಭಾನುವಾರ. ಅದರ ಮುಂದೆ ಷರಾದಲ್ಲಿ ಅಪ್ಪನ ದುಂಡನೆಯ ಅಕ್ಷರ: ತಪಾಸಣೆ.

ಕಾಲುವೆಯ ದಂಡೆಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀರಾವರಿ ಇಲಾಖೆಯ ಸಾಹೇಬರ ಜೀಪು ತಪಾಸಣೆಗೆ ಬರುವ ಸುದ್ದಿ ಒಂದು ವಾರ ಮೊದಲೇ ಬರುತ್ತಿತ್ತು. ಆಗ ಮೇಲಿನ ಹೊಲದವರ ತೂಬುಗಳನ್ನೆಲ್ಲ ಮುಚ್ಚಿಸಿ, ವರ್ಷವಿಡೀ ಹನಿ ಕಾಣದ ಕೊನೆಯಂಚಿನ ಹೊಲಗಳಿಗೆ ನೀರು ಮುಟ್ಟಿಸುತ್ತಿದ್ದರು. ಸಾಹೇಬರು ಬಂದು, ತುದಿಯಲ್ಲಿ ನಿಂತು, ನೀರು ನೋಡಿ, ಬರೆದುಕೊಂಡು, ಶಹಾಪುರಕ್ಕೆ ಊಟಕ್ಕೆ ಹೋಗುತ್ತಿದ್ದರು. ಮರುದಿನ ಆ ಹೊಲಗಳು ಮತ್ತೆ ಒಣಗುತ್ತಿದ್ದವು. ಸಣ್ಣವಳಿದ್ದಾಗ ಆ ಸಾಹೇಬರನ್ನು ನೋಡಿ ನಾವೆಲ್ಲ ನಗುತ್ತಿದ್ದೆವು, ಎಂಥ ದಡ್ಡ ಅದಾನ ಎಂದು. ನನ್ನ ತಾಯಿಯ ಮೈಗೆ ಆ ಸಾಹೇಬರು ನಾನಾಗಿದ್ದೆ.

ನಾನು ಅಪ್ಪನ ಮೇಲೆ ಹರಿಹಾಯ್ದೆ. ವಾರ್ಡಿನ ಮುಂದೆ, ಇಪ್ಪತ್ತು ಜನರ ಎದುರು. 'ಮೂರೂ ಕೂಡೇ ಅಂತ ಡಾಕ್ಟ್ರು ಹೇಳಿದ್ದು ಕೇಳಸ್ಲಿಲ್ಲೇನು ನಿನಗ? ಅವ್ವ ಏನು ನಿನ್ನ ಡಿಪಾರ್ಟ್‌ಮೆಂಟಿನ ಗೇಟೇನು? ನನಗ ಮೋಸ ಮಾಡಾಕ ಐದು ದಿನ ಗುಳಿಗಿ ಕೊಟ್ಟು ತೋರಸ್ತಿ, ಹೌದಲ್ಲ? ನೀನೇ ಆಕೀನ ಮಲಗ್ಸಿದಿ.' ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಒಂದು ಮಾತಿಗೂ ಎದುರಾಡಲಿಲ್ಲ. ಆಡದಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಮಾಡಿದವನು ಬಾಯಿ ಎಲ್ಲಿಂದ ತೆರೆದಾನು ಎಂದುಕೊಂಡೆ.

ಅವ್ವ ಸಾಯಲಿಲ್ಲ. ಅವಳು ಬೇಡವೆಂದದ್ದೇ ಆಯಿತು. ಇಪ್ಪತ್ತೆರಡು ದಿನದ ಮೇಲೆ ಮನೆಗೆ ತಂದೆವು, ಹೊರಸಿನ ಮೇಲೆ ಮಲಗಿಸಿದೆವು. ಬಲಗೈ, ಬಲಗಾಲು ಸತ್ತಿದ್ದವು. ಮಾತು ಹೋಗಿತ್ತು. ಗಂಟಲಿನಿಂದ ಒಂದು ಸದ್ದು ಮಾತ್ರ ಬರುತ್ತಿತ್ತು. ಹಸಿವೆಗೂ ಅದೇ, ನೋವಿಗೂ ಅದೇ.

ಅಪ್ಪ ಅವಳನ್ನು ನೋಡಿಕೊಂಡ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಮೈ ಒರೆಸುವುದು, ಹೊರಳಿಸಿ ಮಲಗಿಸುವುದು, ಗಂಜಿ ಹಾಕುವುದು, ಎಲ್ಲ ಅವನೇ. ಬೆಳಿಗ್ಗೆ ಮೂರೂ ಗುಳಿಗೆ ಒಂದೇ ಅಂಗೈಯಲ್ಲಿ ಹಿಡಿದು, ಒಂದೊಂದಾಗಿ ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೀಗೆಂದು ಅವನ ಮುಖದ ಮೇಲೆಯೇ ಹೇಳಿದೆ. ಈಗ ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಹೋದ ಕೂಡಲೇ ಗುಳಿಗೆಯ ಪಟ್ಟಿ ಎಣಿಸುತ್ತಿದ್ದೆ, ಒತ್ತಡ ನೋಡುತ್ತಿದ್ದೆ. ಅಪ್ಪನ ಜೊತೆ ಬೈಗುಳ ಬಿಟ್ಟು ಬೇರೆ ಮಾತು ಇರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ, ಅವ್ವನ ಬೆನ್ನಿಗೆ ಒಂದು ಹುಣ್ಣು ಎದ್ದಿರುವುದು ಕಂಡಿತು. ನನ್ನ ಪಿತ್ತ ನೆತ್ತಿಗೇರಿತು. ಅಪ್ಪ ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದ. 'ನೋಡು,' ಎಂದೆ, 'ಇದು ನಿನ್ನ ಪಾಳಿಯ ಫಲ. ನೀನು ಒಂದು ಮಾತು ನನಗ ಹೇಳಿದ್ರ ಇಕಿ ಇವತ್ತು ರೊಟ್ಟಿ ಬಡಿತಿದ್ಳು. ಮುಚ್ಚಿಟ್ಟಿ. ಮುಚ್ಚಿಟ್ಟು ಕೊಂದಿ.'

ಅವ್ವ ಎಡಗೈಯಿಂದ ಹೊರಸಿನ ಪಟ್ಟಿಗೆ ಹೊಡೆದಳು. ತಿರುಗಿ ನೋಡಿದೆ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಎಡಗೈ ಎತ್ತಿ ತನ್ನ ಎದೆಗೆ ಬಡಿದುಕೊಂಡಳು. ತುಟಿ ಹೊರಳಿಸಿ ಹೊರಳಿಸಿ, ಮೂರು ತಿಂಗಳ ಮೇಲೆ ಮೊದಲ ಸಲ ಮಾತು ಹೊರಗೆ ಹಾಕಿದಳು.

'ನಾ... ಹೇಳ್ದೆ.'

ಮತ್ತೆ ಎದೆ ಬಡಿದುಕೊಂಡಳು. ಆಮೇಲೆ ಅಪ್ಪನ ಕಡೆ ನೋಡಿ ಗದ್ದ ಎತ್ತಿದಳು, ಹೇಳು ಎನ್ನುವಂತೆ.

ಅಪ್ಪ ಬೋಗುಣಿ ಕೆಳಗಿಟ್ಟ. ನನ್ನ ಮುಖ ನೋಡದೆ, ನೆಲ ನೋಡುತ್ತಾ ಹೇಳಿದ.

'ಮೊದಲ ವಾರ ಮೂರೂ ಕೂಡೇ ಕೊಟ್ಟೀನವ್ವ, ಡಾಕ್ಟ್ರು ಹೇಳಿದಂಗ. ಎಂಟನೇ ದಿನ ಎದ್ದು ನಿಂತಾಗ ಕಣ್ಣಿಗಿ ಕತ್ತಲಿ ಬಂದು, ನೀರಿನ ಕೊಡ ಹೊತ್ತುಕೊಂಡೇ ಬಿದ್ದಳು. ಗೇಜ್ ನೋಡಿದ್ರ ನೂರಾ ಎರಡು, ಪುಸ್ತಕದ ಮೊದಲ ಪುಟದಾಗೇ ಬರದೀನಿ. ನನಗ ಹೆದರಿಕಿ ಆತು. ಸುಗಲವ್ವಗ ಕೇಳು ಅಂದೆ. ಇಕಿ ನಿನಗ ಫೋನ್ ಹಚ್ಚಿದ್ಳು.'

'ಯಾವಾಗ?'

'ಮಂಗಳವಾರ. ನಿನ್ನ ದವಾಖಾನ್ಯಾಗ ಮಂದಿ ಗದ್ಲ ಕೇಳ್ತಿತ್ತು. ತೆಲಿ ತಿರಗ್ತದವ್ವ, ಮೂರು ತಡಿಯವಲ್ದು ಅಂದ್ಳು. ನೀ ಅಂದಿ, ಎಲ್ಲಾರಿಗೂ ಹೇಳಿ ಹೇಳಿ ನನ್ನ ಬಾಯಿ ನೊಂದದ, ತಗೊಂತಿದ್ರ ತಗೋ, ಇಲ್ಲಂದ್ರ ಸಾಯಿ ಅಂದಿ. ಅಂದು ಇಟ್ಟಿ.'

ಅವ್ವ ಕಣ್ಣು ಮುಚ್ಚಿದ್ದಳು.

'ಆವತ್ತು ಊಟ ಮಾಡ್ಲಿಲ್ಲ ಇಕಿ. ಮರುದಿನ ನಾನೇ ಅಂದೆ, ಪಾಳಿ ಪ್ರಕಾರ ಒಂದೊಂದು ಕೊಡ್ತೀನಿ, ತೆಲಿ ತಿರಗಂಗಿಲ್ಲ ಅಂತ. ತಿರಗ್ಲಿಲ್ಲ, ಆರಾಮ ಅದೀನಿ ಅಂದ್ಳು. ನಿನಗ ಹೇಳೋಣು ಅಂದ್ರ ಬ್ಯಾಡ ಅಂದ್ಳು. ತಿಂಗಳಿಗೊಮ್ಮಿ ಬರ್ತಾಳ, ಆಕಿ ಬರೋ ಮುಂದ ಐದು ದಿನ ಮೂರೂ ಕೊಡು, ಅಷ್ಟು ದಿನ ಗ್ವಾಡಿ ಹಿಡಕೊಂಡು ಅಡ್ಡಾಡ್ತೀನಿ, ಆಕಿ ನಕ್ಕೊಂತ ಹೋಗಲಿ ಅಂದ್ಳು. ಪಾಳಿ ನಂದು, ಅದರ ಪಾಪ ನಂದೇ. ಐದು ದಿನ ಮಾತ್ರ ಇಕೀದು.'

'ಯಾದಗಿರ್ಯಾಗ ಯಾಕ ಹೇಳ್ಲಿಲ್ಲ?' ಎಂದೆ.

'ಅಷ್ಟು ಮಂದ್ಯಾಗ ಹೆಂಗ ಹೇಳ್ಲಿ? ನೀ ನೌಕರಿ ಮಾಡಾಕಿ.'

ಒತ್ತಡದ ರೋಗದ ಮೋಸ ಇಷ್ಟೇ. ಏರಿದಾಗ ಏನೂ ಅನಿಸುವುದಿಲ್ಲ, ಇಳಿದಾಗ ತಲೆ ತಿರುಗುತ್ತದೆ. ಮೂರು ಔಷಧಿ ಕೂಡಿ ಮೊದಲ ಸಲ ಕೆಲಸ ಮಾಡಿದಾಗ ಹಲವರಿಗೆ ಹೀಗಾಗುತ್ತದೆ. ಡಾಕ್ಟರಿಗೆ ಒಂದು ಫೋನು ಮಾಡಿ, ನೀರಿನ ಗುಳಿಗೆ ಅರ್ಧ ಮಾಡಿ, ಒಂದನ್ನು ರಾತ್ರಿಗೆ ಹಾಕಿ, ಏಳುವಾಗ ನಿಧಾನ ಏಳವ್ವ ಎಂದು ಹೇಳಿದರೆ ಮುಗಿಯಿತು. ಎರಡು ನಿಮಿಷದ ಮಾತು. ನನಗೆ ಬಾಯಿಪಾಠ ಇರುವ ಮಾತು.

ಅಪ್ಪ ಬೋಗುಣಿ ಎತ್ತಿಕೊಂಡು ಅವ್ವನ ಬೆನ್ನು ಒರೆಸಲು ಕೂತ. ನಾನು ಆ ಮಂಗಳವಾರವನ್ನು ನೆನಪಿಸಿಕೊಳ್ಳಲು ನೋಡಿದೆ. ಆ ವಾರ, ಆ ಸಾಲು, ಫೋನು ಕಿವಿಗೆ ಹಿಡಿದದ್ದು, ಅವಳ ದನಿ. ಈಗಲೂ ದಿನಾ ನೆನಪಿಸಿಕೊಳ್ಳಲು ನೋಡುತ್ತೇನೆ. ಆ ಫೋನು ನನಗೆ ನೆನಪೇ ಇಲ್ಲ.